ಹೊರಗಿನ ಚಿಲಕ

ಆ ಮನೆಯಲ್ಲಿ ಊಟಕ್ಕೆ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದವಳು ಕೂಸು. ಅಡುಗೆಮನೆಯಲ್ಲಿ ತಟ್ಟೆಯ ಸದ್ದಾದರೆ ಸಾಕು, ಗೋಡೆ ಹಿಡಿದುಕೊಂಡು ಬಂದು ಮೇಜಿನ ತುದಿಯ ಕುರ್ಚಿಯಲ್ಲಿ ಕೂತು ಚಮಚದಿಂದ ಮೇಜು ಬಡಿಯುತ್ತಿದ್ದಳು. ಬೇಯಿಸಿದ ಮೊಟ್ಟೆ ಇದ್ದ ದಿನ ತನ್ನದನ್ನು ಮುಗಿಸಿ ಅಣ್ಣನ ತಟ್ಟೆಗೂ ಕೈ ಹಾಕುವಳು. ಅವನು ಗದರಿದ ಹಾಗೆ ಮಾಡಿ ಅರ್ಧ ಮುರಿದು ಕೊಡುವನು.

ಈಗ ಮೂರು ದಿನದಿಂದ ಮೊಟ್ಟೆ ಅವಳ ತಟ್ಟೆಯಲ್ಲೇ ಉಳಿಯುತ್ತಿತ್ತು.

"ತಿನ್ನೇ, ನಿನಗೆ ಇಷ್ಟ ಅಂತ ತಾನೇ ಬೇಯಿಸಿದ್ದು," ಎಂದು ಅತ್ತಿಗೆ ಒಂದು ತುಂಡನ್ನು ಅವಳ ಬಾಯಿಯ ಹತ್ತಿರ ಹಿಡಿದಳು. ಕೂಸು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

"ಹಠ," ಎಂದ ಅಣ್ಣ. "ಎರಡು ಹೊತ್ತು ಬಿಟ್ಟುಬಿಡು. ಹೊಟ್ಟೆ ತಾಳ ಹಾಕಿದರೆ ತಾನೇ ತಿಂತಾಳೆ."

"ನಿನ್ನೆನೂ ಹೀಗೇ ಅಂದ್ರಿ."

"ನಾಳೆನೂ ಅದನ್ನೇ ಅಂತೀನಿ. ಅವಳ ಹಿಂದೆ ತುತ್ತು ಹಿಡ್ಕೊಂಡು ಓಡಾಡೋಕೆ ಅವಳೇನು ಎಳೆ ಮಗುವಾ?"

ಕೂಸಿಗೆ ಮೂವತ್ತೆಂಟು ವರ್ಷ. ಮಾತು ಬಂದಿರಲಿಲ್ಲ. 'ಬಾ' ಎನ್ನುವುದೊಂದು ಬರುತ್ತಿತ್ತು, ಅದನ್ನೇ ಸಂತೋಷಕ್ಕೂ ಸಿಟ್ಟಿಗೂ ಹಸಿವಿಗೂ ಬಳಸುತ್ತಿದ್ದಳು. ಸ್ನಾನ, ಬಟ್ಟೆ, ತಲೆ ಬಾಚುವುದು ಎಲ್ಲಕ್ಕೂ ಇನ್ನೊಬ್ಬರು ಬೇಕು. ಹುಟ್ಟಿದಾಗ ಕರೆದ ಹೆಸರೇ ಉಳಿದುಬಿಟ್ಟಿತ್ತು.

ಮನೆಯ ಮುಂಭಾಗವೇ ಅಂಗಡಿ. ಅಪ್ಪ ಇಟ್ಟಿದ್ದ ಲಾಂಡ್ರಿ, ಈಗ ಅಣ್ಣನದು. ಅಪ್ಪನ ಕಾಲದಿಂದಲೂ ಬಾಗಿಲ ಪಕ್ಕದ ಗಿಡ್ಡ ಬೆಂಚು ಕೂಸಿನ ಜಾಗ. ಅವಳ ಮುಂದೆ ಕರವಸ್ತ್ರ, ಸಣ್ಣ ಟವೆಲ್ಲುಗಳ ರಾಶಿ ಇರುತ್ತಿತ್ತು. ಒಂದೊಂದನ್ನೇ ತೊಡೆಯ ಮೇಲೆ ಹರಡಿ, ಅಂಗೈಯಿಂದ ಮೂರು ಸಲ ಉಜ್ಜಿ, ನಾಲ್ಕು ಮಡಿಕೆ ಮಾಡುವಳು. ಒಂದು ಮೂಲೆ ಯಾವಾಗಲೂ ಹೊರಗೆ ಚಾಚಿಕೊಂಡಿರುತ್ತಿತ್ತು. ಸಂಜೆ ಅವಳಿಗೆ ಕಾಣದ ಹಾಗೆ ಅತ್ತಿಗೆ ಎಲ್ಲವನ್ನೂ ಮತ್ತೆ ಮಡಚುತ್ತಿದ್ದಳು. ಬಟ್ಟೆ ಕೊಡಲು ಬಂದವರು, "ಏನು ಕೂಸಕ್ಕ, ಕೆಲಸ ಜೋರಾ?" ಎಂದರೆ ಕೂಸು, "ಬಾ, ಬಾ!" ಎಂದು ಕೈಯಲ್ಲಿದ್ದ ಕರವಸ್ತ್ರ ಬೀಸುತ್ತಿದ್ದಳು.

ಅದು ನಿಂತು ಎರಡು ತಿಂಗಳಾಗುತ್ತ ಬಂದಿತ್ತು.

ನಿಂತದ್ದು ಹೀಗೆ. ಹೊಸದಾಗಿ ಶುರುವಾದ ದೊಡ್ಡ ಹೋಟೆಲೊಂದರ ಹಾಸಿಗೆ ಹೊದಿಕೆ, ದಿಂಬಿನ ಚೀಲಗಳ ಕೆಲಸ ಸಿಗುವ ಹಾಗಿತ್ತು. ಅದಕ್ಕೆಂದು ಅಣ್ಣ ಗೋಡೆಗೆ ಬಣ್ಣ ಹೊಡೆಸಿ ಗಾಜಿನ ಬಾಗಿಲು ಹಾಕಿಸಿದ. ಹೋಟೆಲಿನ ಮ್ಯಾನೇಜರು ಅಂಗಡಿ ನೋಡಲು ಬಂದ ದಿನ ಕೂಸು ಎಂದಿನಂತೆ ಬೆಂಚಿನ ಮೇಲಿದ್ದಳು. ಅವನ ಕೋಟಿನ ತೋಳು ಹಿಡಿದು "ಬಾ" ಎಂದಳು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಅವಳು ಅದನ್ನು ಮಡಿಲಲ್ಲಿದ್ದ ಟವೆಲ್ಲಿನಿಂದಲೇ ಒರೆಸಿಕೊಂಡಳು.

ಮ್ಯಾನೇಜರು ತೋಳು ಬಿಡಿಸಿಕೊಂಡು ಕೇಳಿದ್ದು ಇಷ್ಟೇ: "ಇವರು ಇಲ್ಲೇ ಕೂರ್ತಾರಾ?"

"ಇಲ್ಲ ಇಲ್ಲ ಸಾರ್, ಇವತ್ತೊಂದು ದಿನ," ಎಂದುಬಿಟ್ಟ ಅಣ್ಣ.

ಆ ಸಂಜೆ ಊಟದ ಮೇಜಿನ ಸುತ್ತ ಮಾತಾಯಿತು. ಕಾಲೇಜಿಗೆ ಹೋಗುವ ಅಣ್ಣನ ಮಗಳು ಹೇಳಿದಳು, "ನಾನು ಯಾವಾಗಿಂದ ಹೇಳ್ತಾ ಇದೀನಿ. ಕೂಸತ್ತೆ ಎದುರಿಗೇ ಕೂತಿದ್ರೆ ನನ್ನ ಗೆಳತಿಯರನ್ನ ಮನೆಗೆ ಕರೆಯೋದು ಹೇಗೆ?" ಅತ್ತಿಗೆ, "ನನಗೂ ದಿನಾ ಎರಡೆರಡು ಸಲ ಮಡಚೋದು ತಪ್ಪುತ್ತೆ," ಎಂದಳು. ಅಣ್ಣ ತಾಯಿಯ ಮುಖ ನೋಡಿದ.

ತಾಯಿ ತಲೆ ಎತ್ತದೆ, "ಒಳಗಿದ್ರೆ ಏನಾಗುತ್ತೆ? ಟೀವಿ ಹಾಕಿ ಕೂರಿಸಿದ್ರಾಯ್ತು. ಅವಳಿಗೇನು ಗೊತ್ತಾಗುತ್ತೆ," ಎಂದಳು.

ಯಾರೂ ತೀರ್ಮಾನ ಮಾಡಿದೆವು ಎನ್ನಲಿಲ್ಲ. ಆದರೂ ಮರುದಿನ ಬೆಂಚು ಹಿತ್ತಲಿಗೆ ಹೋಯಿತು. ಕೂಸು ಹಿಂದಿನ ಕೋಣೆಯಿಂದ ಆರೇಳು ಸಲ ಎದ್ದು ಬಂದಳು. ಅಣ್ಣ ಪ್ರತಿ ಸಲವೂ ಕೈ ಹಿಡಿದು ವಾಪಸು ಬಿಟ್ಟು ಬಂದ. ನಾಲ್ಕನೆಯ ದಿನ ಕಬ್ಬಿಣದ ಅಂಗಡಿಯಿಂದ ಒಂದು ಚಿಲಕ ತಂದು ಕೋಣೆಯ ಬಾಗಿಲಿಗೆ ಹೊರಗಡೆಯಿಂದ ಜಡಿದ.

ಹೋಟೆಲಿನ ಕೆಲಸ ಸಿಕ್ಕಿತು. ಎರಡು ವಾರ ಅವಳು ಬಾಗಿಲು ಬಡಿದಳು. ಅಣ್ಣ ಅಂಗಡಿಯಲ್ಲಿ ರೇಡಿಯೋ ಜೋರು ಮಾಡುತ್ತಿದ್ದ. ಆಮೇಲೊಂದು ದಿನ ಬಡಿತ ನಿಂತಿತು.

"ಅಂತೂ ಒಗ್ಗಿಕೊಂಡಳು," ಎಂದಳು ತಾಯಿ. ಎಲ್ಲರಿಗೂ ಹಾಯೆನಿಸಿತು.

ಊಟ ಕಡಿಮೆಯಾದದ್ದು ಅದರ ನಂತರ. ಬೆಳಕು ಹರಿಯುವುದಕ್ಕೆ ಎಷ್ಟೋ ಮೊದಲೇ ಎದ್ದು ಕೂರುವಳು. ಹಾಸಿಗೆ ಒದ್ದೆಯಾಗತೊಡಗಿತು. ಬಚ್ಚಲಿಗೆ ಕರೆದುಕೊಂಡು ಹೋಗೆಂದು ಸೆರಗು ಎಳೆಯುತ್ತಿದ್ದವಳು ಅದನ್ನೂ ಬಿಟ್ಟಳು. ಬಲಗೈಯ ಮಣಿಕಟ್ಟನ್ನು ಕಚ್ಚಿಕೊಂಡು ಕಚ್ಚಿಕೊಂಡು ಅಲ್ಲಿ ಗಾಯ ಆರುತ್ತಿರಲಿಲ್ಲ. ಅಣ್ಣ ಔಷಧಿ ಅಂಗಡಿಯವನಿಗೆ ಹೇಳಿ ಒಂದು ಸಿರಪ್ಪು ತಂದ. ಎರಡು ಚಮಚ ಕುಡಿಸಿದರೆ ಮಧ್ಯಾಹ್ನವೆಲ್ಲ ನಿದ್ದೆ. ಗದ್ದಲವಿಲ್ಲದ ದಿನ ಎರಡು ಚಮಚ, ಹೋಟೆಲಿನವರು ಬರುವ ದಿನ ಮೂರು.

ಅತ್ತಿಗೆ ಅವಳ ಲಂಗದ ನಡುವನ್ನು ಎರಡನೆಯ ಸಲ ಹಿಡಿದು ಹೊಲಿದ ದಿನ ಸೂಜಿಯನ್ನು ಮೇಜಿನ ಮೇಲೆ ಎಸೆದಳು.

"ನಾಳೆ ಆಸ್ಪತ್ರೆಗೆ ಕರ್ಕೊಂಡು ಹೋಗೋಣ."

"ಗಲ್ಲಿ ಡಾಕ್ಟರಿಗೆ ತೋರಿಸಿದ್ದಾಯ್ತಲ್ಲ. ಇಂಥವರು ಹೀಗೇ, ವಯಸ್ಸಾದ ಹಾಗೆ ಜಾಸ್ತಿ ಆಗುತ್ತೆ ಅಂದ್ರಲ್ಲ," ಎಂದ ಅಣ್ಣ.

"ಅವರು ಅವಳನ್ನ ಮುಟ್ಟಿ ಕೂಡ ನೋಡಲಿಲ್ಲ. ಬಂದು ನೋಡಿ, ಈ ಲಂಗದಲ್ಲಿ ಇನ್ನೊಬ್ಬಳು ಹಿಡೀತಾಳೆ."

"ಅಂಗಡಿ ಮುಚ್ಚಲಾ ಹಾಗಾದ್ರೆ?"

"ಒಂದು ದಿನ ಮುಚ್ಚಿದ್ರೆ ಊರಿನವರು ಬೆತ್ತಲೆ ಓಡಾಡಲ್ಲ!"

ತಾಯಿ ಮಧ್ಯೆ ಬಾಯಿ ಹಾಕಿದಳು. "ಹೋಗಿ ಬನ್ನಿ. ನಾನೂ ಬರ್ತೀನಿ."

ಆಸ್ಪತ್ರೆಯಲ್ಲಿ ಸಿಕ್ಕಿದ ಡಾಕ್ಟರಮ್ಮ ಮೊದಲು ಕುರ್ಚಿಯನ್ನು ಎಳೆದುಕೊಂಡು ಕೂಸಿನ ಎದುರು ಕೂತಳು. "ನಮಸ್ಕಾರ. ನಿಮ್ಮ ಕೈ ನೋಡಲಾ?" ಎಂದು ಅವಳನ್ನೇ ಕೇಳಿದಳು. ಅಣ್ಣ ಸುತ್ತ ನೋಡಿದ. ತನ್ನ ತಂಗಿಯನ್ನು ಯಾರಾದರೂ ಬಹುವಚನದಲ್ಲಿ ಮಾತಾಡಿಸಿದ್ದು ಅವನಿಗೆ ನೆನಪಿರಲಿಲ್ಲ.

"ಇವರ ಹೆಸರು?"

"ಕೂಸು," ಎಂದಳು ತಾಯಿ.

"ಅದು ಮನೆಯಲ್ಲಿ ಕರೆಯೋದು. ಬರೆಯೋ ಹೆಸರು?"

ತಾಯಿ ಮಗನ ಕಡೆ, ಮಗ ಹೆಂಡತಿಯ ಕಡೆ ನೋಡಿದರು. ಕೊನೆಗೆ ಅತ್ತಿಗೆ ಚೀಲದಿಂದ ಹಳೆಯ ಕಾರ್ಡೊಂದನ್ನು ತೆಗೆದು ಓದಿ ಹೇಳಿದಳು. ತಾಯಿಯ ಕಿವಿಯ ತುದಿ ಕೆಂಪಾಯಿತು. ಆ ಹೆಸರನ್ನು ಇಟ್ಟವಳು ಅವಳೇ.

ಹಲ್ಲು, ಕಿವಿ, ಹೊಟ್ಟೆ ಎಲ್ಲ ನೋಡಿದರು. ರಕ್ತ ತೆಗೆದರು. "ನೋವು ಹೇಳೋಕೆ ಬರದವರಲ್ಲಿ ಮೊದಲು ಹುಡುಕಬೇಕಾದ್ದು ನೋವನ್ನ," ಎಂದಳು ಡಾಕ್ಟರಮ್ಮ. ನಾಲ್ಕು ದಿನ ಬಿಟ್ಟು ಮತ್ತೆ ಹೋದಾಗ ಯಾವುದರಲ್ಲೂ ಏನೂ ಸಿಕ್ಕಿರಲಿಲ್ಲ.

"ಇದು ಖಿನ್ನತೆ ಅಂತ ನನ್ನ ಲೆಕ್ಕ," ಎಂದಳು ಅವಳು.

ಅಣ್ಣನಿಗೆ ನಗು ಬಂತು. "ಡಾಕ್ಟ್ರೇ, ಅವಳಿಗೆ ಇವತ್ತು ಸೋಮವಾರವೋ ಮಂಗಳವಾರವೋ ಗೊತ್ತಿಲ್ಲ. ಅವಳಿಗೆಂಥ ಖಿನ್ನತೆ?"

"ವಾರ ಗೊತ್ತಿರಬೇಕಾಗಿಲ್ಲ. ಇಷ್ಟವಾಗಿದ್ದು ಕೈಬಿಟ್ಟು ಹೋದ್ರೆ ಅದು ಗೊತ್ತಾಗುತ್ತೆ. ಊಟ ಬಿಟ್ಟಿದಾರೆ, ನಿದ್ದೆ ಕೆಟ್ಟಿದೆ, ಬರ್ತಿದ್ದ ಕೆಲಸ ಮರೆತಿದಾರೆ, ತಮ್ಮನ್ನೇ ಕಚ್ಚಿಕೊಳ್ತಿದಾರೆ. ನಿಮಗೆ ಹೀಗಾಗಿದ್ರೆ ಏನಂತಿದ್ರಿ?" ಅವಳು ಮೂವರನ್ನೂ ನೋಡಿದಳು. "ಈಚೆಗೆ ಮನೆಯಲ್ಲಿ ಏನಾದ್ರೂ ಬದಲಾಗಿದೆಯಾ? ಯಾರಾದ್ರೂ ತೀರಿಕೊಂಡ್ರಾ, ದೂರ ಹೋದ್ರಾ? ದಿನಚರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇವರು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ.

"ಏನೂ ಇಲ್ಲ," ಎಂದಳು ತಾಯಿ.



ಡಾಕ್ಟರಮ್ಮ ಸಿರಪ್ಪು ನಿಲ್ಲಿಸಲು ಹೇಳಿದಳು. ಸಣ್ಣ ಪ್ರಮಾಣದಲ್ಲಿ ಒಂದು ಮಾತ್ರೆ ಬರೆದಳು. "ಐದಾರು ವಾರ ಬೇಕು, ಅವಸರ ಮಾಡಬೇಡಿ. ಬಾಯಲ್ಲಿ ಹೇಳೋಕಾಗದವರು, ಅದಕ್ಕೇ ನೀವು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಮಾತ್ರೆಯಿಂದ ಹೊಟ್ಟೆ ಕೆಟ್ರೆ, ಚಡಪಡಿಕೆ ಜಾಸ್ತಿ ಆದ್ರೆ ತಕ್ಷಣ ಬನ್ನಿ." ಒಂದು ನೋಟ್‌ಬುಕ್ಕನ್ನೂ ಕೊಟ್ಟಳು. ಎದ್ದ ಹೊತ್ತು, ತಿಂದದ್ದು, ಅತ್ತದ್ದು, ಕಚ್ಚಿಕೊಂಡದ್ದು, ದಿನವೆಲ್ಲ ಏನು ಮಾಡಿದಳು, ಎಲ್ಲ ಬರೆಯಬೇಕು.

ಬರೆಯುವ ಕೆಲಸ ಅಣ್ಣನ ಮಗಳ ಪಾಲಿಗೆ ಬಂತು. ಅವಳ ಅಕ್ಷರ ದುಂಡಗಿತ್ತು.

"ಅಪ್ಪಾ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಏನಂತ ಬರೀಲಿ?"

ಅಣ್ಣ ಅಂಗಿಯೊಂದರ ಕಾಲರಿನ ಮೇಲೆ ಇಸ್ತ್ರಿ ಪೆಟ್ಟಿಗೆ ಎಳೆಯುತ್ತಿದ್ದ. "ವಿಶ್ರಾಂತಿ ಅಂತ ಬರಿ."

"ದಿನಾನೂ?"

"ದಿನಾನೂ."

ಅವಳು ಬರೆದಳು. ಹತ್ತರಿಂದ ಐದು: ವಿಶ್ರಾಂತಿ. ಮೊದಲ ವಾರ ಏಳು ಸಲ, ಎರಡನೆಯ ವಾರ ಏಳು ಸಲ. ಮೂರನೆಯ ವಾರದಲ್ಲಿ ಒಂದು ದಿನ ಬರೆದದ್ದನ್ನು ಹೊಡೆದು ಹಾಕಿ ಮತ್ತೆ ಅದನ್ನೇ ಬರೆದಳು.

ಸಿರಪ್ಪು ನಿಂತಿದ್ದರಿಂದ ಕೂಸು ಹಗಲು ಎಚ್ಚರವಾಗಿರುತ್ತಿದ್ದಳು, ಅಷ್ಟೇ ಬದಲಾವಣೆ. ಹಾಲಿನಲ್ಲಿ ನೆನೆಸಿದ ಬ್ರೆಡ್ಡು ನಾಲ್ಕು ತುತ್ತು ಹೋಗುತ್ತಿತ್ತು. ಟೀವಿಯಲ್ಲಿ ಯಾರು ಕುಣಿದರೂ ಅವಳು ಬಾಗಿಲಿನ ಕೆಳಗಿನ ಸಂದಿಯನ್ನೇ ನೋಡುತ್ತಿದ್ದಳು.

ಮೂರು ವಾರ ಕಳೆದು ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ನೋಟ್‌ಬುಕ್ಕಿನ ಹಾಳೆಗಳನ್ನು ನಿಧಾನವಾಗಿ ತಿರುವಿದಳು.

"ಹತ್ತರಿಂದ ಐದು ವಿಶ್ರಾಂತಿ. ಇಲ್ಲೂ ವಿಶ್ರಾಂತಿ. ಇಪ್ಪತ್ತೊಂದು ದಿನ. ಎಲ್ಲಿ ವಿಶ್ರಾಂತಿ?"

"ಕೋಣೆಯಲ್ಲಿ," ಎಂದ ಅಣ್ಣ.

"ಮೊದಲಿಂದಲೂ ಕೋಣೆಯಲ್ಲೇ ಇರ್ತಿದ್ರಾ?"

"ಹೂಂ... ಹಾಗೇ... ಒಳಗೇ."

"ಇಲ್ಲ," ಎಂದಳು ಅತ್ತಿಗೆ.

ಅಣ್ಣ ಅವಳ ಕಡೆ ತಿರುಗಿದ. ತಾಯಿ ಅವಳ ಸೆರಗಿನ ತುದಿ ಹಿಡಿದು ಎಳೆದಳು. ಅತ್ತಿಗೆ ಮೇಜಿನ ಅಂಚನ್ನು ನೋಡುತ್ತ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. "ಅಂಗಡಿ ಬಾಗಿಲಲ್ಲಿ ಕೂತು ಕರವಸ್ತ್ರ ಮಡಚ್ತಿದ್ಲು. ಹದಿನಾರು ವರ್ಷದಿಂದ. ಗಿರಾಕಿಗಳೆದುರು ಚೆನ್ನಾಗಿರಲ್ಲ ಅಂತ ಒಳಗೆ ಹಾಕಿದ್ವಿ. ಎದ್ದು ಬರ್ತಾಳೆ ಅಂತ ಹೊರಗಿಂದ ಚಿಲಕ ಹಾಕ್ತೀವಿ. ಇವರೊಬ್ಬರೇ ಅಲ್ಲ, ನಾನೂ ಹಾಕಿದೀನಿ. ನಿದ್ದೆ ಬರಲಿ ಅಂತ ಸಿರಪ್ಪು ಜಾಸ್ತಿನೂ ಕೊಟ್ಟಿದೀನಿ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಅತ್ತಿಗೆಗೆ ಆಮೇಲೆ ಅನ್ನಿಸಿತು. ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿ, ಕೂಸಿನ ಮಣಿಕಟ್ಟಿನ ಗಾಯಕ್ಕೆ ಹೊಸ ಪಟ್ಟಿ ಕಟ್ಟಿ, "ಮಾತ್ರೆ ಸ್ವಲ್ಪ ಜಾಸ್ತಿ ಮಾಡ್ತೀನಿ. ಆದ್ರೆ ಮಾತ್ರೆ ಅರ್ಧ ದಾರಿ ಮಾತ್ರ ನಡೆಸುತ್ತೆ. ಇನ್ನರ್ಧ ನಿಮ್ಮ ಮನೆಯಲ್ಲಿದೆ. ಇವತ್ತೇ ಆ ಚಿಲಕ ತೆಗೀರಿ," ಎಂದಳು.

ಬಸ್ಸಿನಲ್ಲಿ ಮನೆಯ ಸ್ಟಾಪು ಹತ್ತಿರವಾದಾಗ ಅಣ್ಣ ಹಲ್ಲು ಕಚ್ಚಿಕೊಂಡು, "ನಾಲ್ಕು ಜನರೆದುರು ಮಾನ ತೆಗೆದೆ," ಎಂದ.

"ಇದ್ದಿದ್ರೆ ತಾನೇ ತೆಗೆಯೋದು," ಎಂದಳು ಅತ್ತಿಗೆ. ಅವಳ ತೊಡೆಯ ಮೇಲೆ ಕೂಸಿನ ತಲೆಯಿತ್ತು.

ಮನೆಗೆ ಬಂದವನೇ ಅಣ್ಣ ಸ್ಕ್ರೂಡ್ರೈವರು ಹುಡುಕಿದ. ಸಿಗಲಿಲ್ಲ. ಎಲ್ಲರ ಮೇಲೂ ಕೂಗಾಡಿದ. ಕೊನೆಗೆ ಅಡುಗೆಮನೆಯ ಚಾಕುವಿನ ತುದಿಯಿಂದಲೇ ತಿರುಪು ಬಿಚ್ಚಿದ, ಬೆರಳು ಕೊಯ್ದುಕೊಂಡ. ಮಗಳು ಹತ್ತಿ ತಂದು ಕೊಟ್ಟು ಅಲ್ಲೇ ನಿಂತಳು.

"ಅಪ್ಪಾ, ನಾನು ಕಾಲೇಜಲ್ಲಿ ಹೇಳಿದ್ದೆ, ಕೂಸತ್ತೆ ನಮ್ಮನೆ ಕೆಲಸದವರ ಕಡೆಯವಳು ಅಂತ."

ಅಣ್ಣ ರಕ್ತ ಒತ್ತಿ ಹಿಡಿದುಕೊಂಡ. "ನನಗ್ಯಾಕೆ ಹೇಳ್ತೀಯಾ ಅದನ್ನ?"

"ಇನ್ಯಾರಿಗೆ ಹೇಳಲಿ?"

ತಾಯಿ ಮೂಲೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು. "ಅವಳು ಹುಟ್ಟಿದ ಮೇಲೆ ಎರಡು ವರ್ಷ ನಾನು ನಮ್ಮ ಅಕ್ಕನ ಮನೆಗೂ ಕರ್ಕೊಂಡು ಹೋಗಲಿಲ್ಲ," ಎಂದಳು ಯಾರ ಕಡೆಯೂ ನೋಡದೆ. "ಬೀದಿಗೆ ತಂದು ಕೂರಿಸಿದ್ದು ನಿಮ್ಮಪ್ಪ. ಅಂಗಡಿ ನಮ್ಮದು, ಮಗಳು ನಮ್ಮವಳು, ನೋಡೋರು ನೋಡ್ಲಿ ಅಂದ್ರು. ನಾನು ಅವತ್ತೂ ಬೇಡ ಅಂದಿದ್ದೆ."

ಆ ರಾತ್ರಿ ಅನ್ನ ಹಾಗೇ ಉಳಿಯಿತು.

ಬೆಂಚು ಹಿತ್ತಲಿನಿಂದ ಮತ್ತೆ ಬಂತು. ಬಿಸಿಲಿಗೆ ಬಣ್ಣ ಹೋಗಿ ಒಂದು ಕಾಲು ಅಲುಗಾಡುತ್ತಿತ್ತು. ಅಣ್ಣ ಮೊಳೆ ಹೊಡೆದು ಸರಿ ಮಾಡಿದ. ಕೂಸನ್ನು ತಂದು ಕೂರಿಸಿ ಮಡಿಲಿಗೆ ಕರವಸ್ತ್ರ ಹಾಕಿದ. ಈಗಲೇ ಎಲ್ಲ ಸರಿಹೋಗುತ್ತದೆ ಎನ್ನುವ ಹಾಗೆ ಮನೆಯವರೆಲ್ಲ ಸುತ್ತ ನಿಂತರು.

ಕೂಸು ಮುಟ್ಟಲಿಲ್ಲ. ಕರವಸ್ತ್ರ ಜಾರಿ ನೆಲಕ್ಕೆ ಬಿತ್ತು.

"ನೋಡಿದ್ಯಾ? ಮರೆತೇ ಹೋಗಿದೆ," ಎಂದ ಅಣ್ಣ.

"ಒಂದೇ ದಿನಕ್ಕೆ ನೆನಪಾಗೋಕೆ ಅದೇನು ಸ್ವಿಚ್ಚಾ?" ಎಂದು ಅತ್ತಿಗೆ ಅದನ್ನೆತ್ತಿ ಮತ್ತೆ ಮಡಿಲಿಗಿಟ್ಟಳು.

ಹತ್ತು ದಿನ ಹಾಗೇ ಹೋಯಿತು. ಬೀದಿಯವರು ಕೇಳಿದರು: "ಎಲ್ಲಿ ಹೋಗಿದ್ರಿ ಕೂಸಕ್ಕ, ನೆಂಟರ ಮನೆಗಾ?" ಮೊದಲ ಸಲ ಅಣ್ಣ "ಹೂಂ" ಎಂದ. ಎರಡನೆಯ ಸಲ, "ಹುಷಾರಿರಲಿಲ್ಲ," ಎಂದ. ಮೂರನೆಯ ಸಲ ಕೇಳಿದವರು ಹಳೆಯ ಮೇಷ್ಟರು. ಅಪ್ಪನ ಕಾಲದ ಗಿರಾಕಿ. ಅಣ್ಣ ಬಟ್ಟೆ ಗಂಟಿನ ಹಿಂದೆ ಬಗ್ಗಿ, ಇಲ್ಲದ ಚೀಟಿ ಹುಡುಕುತ್ತ ಅವರು ಹೋಗುವವರೆಗೂ ಏಳಲಿಲ್ಲ.

ಮಗಳು ಈಗ ಕಾಲೇಜಿನಿಂದ ಬಂದು ಬೆಂಚಿನ ಪಕ್ಕ ನೆಲದ ಮೇಲೆ ಕೂತು ಓದಿಕೊಳ್ಳುತ್ತಿದ್ದಳು. ಒಂದು ಸಂಜೆ ಅವಳ ಗೆಳತಿ ಪುಸ್ತಕ ಕೇಳಿಕೊಂಡು ಅಂಗಡಿಯವರೆಗೂ ಬಂದಳು. ಮಗಳು ಎದ್ದು ನಿಂತಳು. "ಇವರು ನಮ್ಮತ್ತೆ. ಅಪ್ಪನ ತಂಗಿ. ನಾನು ಅವತ್ತು ಸುಳ್ಳು ಹೇಳಿದ್ದೆ." ಗೆಳತಿ, "ಓ, ನಮಸ್ತೆ," ಎಂದು ಪುಸ್ತಕ ತೆಗೆದುಕೊಂಡು ಹೋದಳು. ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲು: ಹತ್ತರಿಂದ ಐದು, ಬೆಂಚಿನ ಮೇಲೆ. ಸುಮ್ಮನೆ ಕೂತಿದ್ದಳು. ಕಚ್ಚಿಕೊಂಡದ್ದು ಎರಡು ಸಲ.

ಆರನೆಯ ವಾರ ಕೂಸು ಬೆಳಕಾಗುವವರೆಗೂ ಮಲಗಿದಳು. ಮರುದಿನ ಅರ್ಧ ಮೊಟ್ಟೆ ತಿಂದಳು. ಅತ್ತಿಗೆ ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ತಾಯಿ ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅತ್ತು ಬಂದಳು. ಇನ್ನೊಂದು ವಾರಕ್ಕೆ ಮಣಿಕಟ್ಟಿನ ಗಾಯ ಒಣಗಿತು. ಒಂದು ಮಧ್ಯಾಹ್ನ ಯಾರೂ ಹೇಳದೆಯೇ ಕೂಸು ಕರವಸ್ತ್ರವೊಂದನ್ನು ತೊಡೆಯ ಮೇಲೆ ಹರಡಿದಳು. ಉಜ್ಜಿದಳು, ಮಡಚಿದಳು. ಮೂಲೆ ಹೊರಗೆ ಚಾಚಿತ್ತು. ಸಂಜೆ ಅತ್ತಿಗೆ ಅದನ್ನು ಬಿಚ್ಚಲು ಹೋಗಿ, ಬಿಟ್ಟಳು. ಹಾಗೇ ಗಿರಾಕಿಯ ಕಟ್ಟಿಗೆ ಸೇರಿಸಿದಳು.

ಹೋಟೆಲಿನ ಮ್ಯಾನೇಜರು ಬಂದದ್ದು ಅದಾದ ಮೇಲಿನ ವಾರ. ಕಾರು ನಿಂತಿತು, ಗಾಜಿನ ಬಾಗಿಲು ತೆರೆಯಿತು. ಅಣ್ಣ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು, ಈ ಸಲ ಏನು ಹೇಳಬೇಕೆಂದು ಎಷ್ಟೋ ದಿನದಿಂದ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಮಾತನ್ನು ನಾಲಿಗೆಗೆ ತಂದುಕೊಂಡ.

ಅವನು ಬಾಯಿ ತೆರೆಯುವ ಮೊದಲೇ ಕೂಸು ಎದ್ದಳು. ಮಡಿಲಿನ ಬಟ್ಟೆ ಕೆಳಗೆ ಬಿತ್ತು. ಕೋಟು ತೊಟ್ಟವನನ್ನು ಒಮ್ಮೆ ನೋಡಿ, ಗೋಡೆ ಹಿಡಿದುಕೊಂಡು, ಆದಷ್ಟು ಬೇಗ ಬೇಗ ಹಿಂದಿನ ಕೋಣೆಗೆ ನಡೆದಳು. ಒಳಗೆ ಹೋಗಿ ತಾನೇ ಬಾಗಿಲು ಹಾಕಿಕೊಂಡಳು.

ಅಂಗಡಿಯಲ್ಲಿ ಯಾರೂ ಅವಳಿಗೆ ಹೋಗು ಎಂದಿರಲಿಲ್ಲ.

"ಸಾರ್," ಎಂದ ಅಣ್ಣ. "ಅವತ್ತು ನೀವು ಕೇಳಿದ್ರಲ್ಲ, ಇವರು ಇಲ್ಲೇ ಕೂರ್ತಾರಾ ಅಂತ. ನನ್ನ ತಂಗಿ. ಇಲ್ಲೇ ಕೂರ್ತಾಳೆ. ಅವತ್ತು ನಾನು ಸುಳ್ಳು ಹೇಳಿದೆ. ನಿಮಗೆ ಸರಿ ಕಾಣದಿದ್ರೆ ಬೇರೆ ಲಾಂಡ್ರಿ ನೋಡ್ಕೊಳ್ಳಿ."

ಮ್ಯಾನೇಜರು ಹುಬ್ಬು ಗಂಟಿಕ್ಕಿದ. "ನಾನು ಕೇಳಿದ್ನಾ? ಯಾವತ್ತು?"

"ಮೊದಲ ದಿನ. ಅವಳು ನಿಮ್ಮ ಕೋಟು ಹಿಡ್ಕೊಂಡಿದ್ಲು."

"ನೆನಪಿಲ್ಲಪ್ಪ," ಎಂದ ಅವನು. "ದಿನಕ್ಕೆ ಹತ್ತು ಅಂಗಡಿ ಸುತ್ತುತೀನಿ. ನಾನು ಬಂದಿದ್ದು ದಿಂಬಿನ ಚೀಲಕ್ಕೆ. ಮೊನ್ನೆ ಆರು ಕಡಿಮೆ ಬಂದಿದೆ."

ಅತ್ತಿಗೆ ಒಳಬಾಗಿಲಲ್ಲಿ ಬಂದು ನಿಂತದ್ದು ಅಣ್ಣನಿಗೆ ಕಂಡಿತು. ಅವಳ ಮುಖ ನೋಡಲಾಗಲಿಲ್ಲ.

"ಕೂತ್ಕೊಳ್ಳಿ, ಬಂದೆ," ಎಂದು ಹಿಂದಿನ ಕೋಣೆಯ ಕಡೆ ಹೋದ. ಬಾಗಿಲ ಮೇಲೆ ಕೈಯಿಟ್ಟ. ಒಳಗಿನಿಂದ ಕೂಸು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. ಅವಳ ಏದುಸಿರು ಕೇಳುತ್ತಿತ್ತು.

"ಕೂಸು, ನಾನು. ಯಾರೂ ಏನೂ ಅನ್ನಲ್ಲ. ಬಾ."

ಅವಳು ಅಲುಗಾಡಲಿಲ್ಲ.

ಅವಳ ಮೈಯಲ್ಲಿ ಈಗ ಎಷ್ಟು ಶಕ್ತಿಯಿದ್ದೀತು, ಒಂದು ಸಲ ತಳ್ಳಿದರೆ ಬಾಗಿಲು ತೆರೆಯುತ್ತಿತ್ತು. ಅಣ್ಣ ಕೈ ತೆಗೆದ. ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ.

"ಎಷ್ಟು ಹೊತ್ರೀ?" ಎಂದು ಅಂಗಡಿಯಿಂದ ಮ್ಯಾನೇಜರು ಕೂಗಿದ.

"ಗೊತ್ತಿಲ್ಲ ಸಾರ್," ಎಂದ ಅಣ್ಣ ಅಲ್ಲಿಂದಲೇ. "ಅವಳು ತೆಗೆಯೋವರೆಗೆ."